ಆಚೆ ದಡದ ಕಲ್ಲು

ದಡ ಕುಸಿದ ಸದ್ದು ಕೇಳಿದಾಗ ಪುಟ್ಟಿ ಮನೆ ನೋಡಲು ಬಂದವರಿಗೆ ತನ್ನ ತಂದೆಯ ಕನ್ನಡಕ ತೋರಿಸುತ್ತಿದ್ದಳು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಹೊಸದು ತರಲು ಪೇಟೆಗೆ ಹೋದರೆ ಅಷ್ಟು ಹೊತ್ತು ಹೊಳೆಯನ್ನು ಬಿಟ್ಟಿರಬೇಕಲ್ಲ ಎಂದು ಲೇಖಕರು ಕೊನೆಯವರೆಗೂ ಅದನ್ನೇ ಹಾಕಿಕೊಂಡರು ಎಂದು ಅವಳು ಹೇಳುವ ಹೊತ್ತಿಗೆ ಜನ ನಗುತ್ತಿದ್ದರು. ಅದು ರೂಢಿ. ಆ ದಿನ ಅವರು ನಗುವ ಮೊದಲೇ ಹೊರಗೆ ಧೊಪ್ಪೆಂದು ಏನೋ ಬಿತ್ತು. ನೆಲ ಅದುರಿ, ಗೋಡೆಗೆ ಒರಗಿಸಿಟ್ಟಿದ್ದ ದೋಣಿಯ ಹುಟ್ಟು ಜಾರಿ ಮಲಗಿತು.

"ಏನದು?" ಎಂದು ಮುಂದೆ ನಿಂತಿದ್ದ ಹೆಂಗಸು ಗಾಬರಿಯಾದಳು.

"ಏನಿಲ್ಲ, ಹೊಳೆ," ಎಂದಳು ಪುಟ್ಟಿ. "ಈ ಕಡೆ ಬನ್ನಿ. ಇದು ಅವರು ಬರೀತಿದ್ದ ಮೇಜು."

ಎಲ್ಲರನ್ನೂ ಕಳಿಸಿ ಜಗಲಿಗೆ ಬಂದು ನೋಡಿದರೆ ಹೊಳೆಗಿಳಿಯುವ ಮೆಟ್ಟಿಲುಗಳು ಇರಲಿಲ್ಲ. ಲೇಖಕರು ಕೂತು ಮಿಂಚುಳ್ಳಿ ನೋಡುತ್ತಿದ್ದ ಕಲ್ಲಿನ ಬೆಂಚೂ ಇರಲಿಲ್ಲ. ಬೆಳಿಗ್ಗೆ ಅವಳು ಗುಡಿಸಿದ್ದ ಅಂಗಳ ಕತ್ತರಿಸಿಕೊಂಡು ಹೋಗಿ, ಜಗಲಿಗೂ ನೀರಿಗೂ ನಡುವೆ ಒಂದು ಹಸು ಮಲಗುವಷ್ಟು ಜಾಗ ಮಿಕ್ಕಿತ್ತು. ಕೆಳಗೆ ಕೆಂಪು ನೀರು ಏನೂ ಆಗದವರಂತೆ ಹೋಗುತ್ತಿತ್ತು. ಪುಟ್ಟಿ ಕಂಬ ಹಿಡಿದುಕೊಂಡು ಅಲ್ಲೇ ಕೂತಳು.

ಲೇಖಕರು ಎಂದರೆ ಆ ಸುತ್ತಿನಲ್ಲಿ ಅವರೊಬ್ಬರೇ. ಹೊಳೆಯ ಬಗ್ಗೆ, ಅದರ ದಡದ ಮಣ್ಣಿನಲ್ಲಿ ಬಿಲ ಕೊರೆದು ಮರಿ ಮಾಡುವ ಮಿಂಚುಳ್ಳಿಗಳ ಬಗ್ಗೆ ಅವರು ಬರೆದದ್ದನ್ನು ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಕೆಳಗಿನ ಪಟ್ಟಣದವರು ಹೊಳೆಗೆ ಗೋಡೆ ಕಟ್ಟಲು ಹೊರಟಾಗ ಯಂತ್ರಗಳ ಮುಂದೆ ಅಡ್ಡ ಮಲಗಿ ಆ ಕೆಲಸ ನಿಲ್ಲಿಸಿದವರು ಅವರು. ಅವರ ಒಂದು ಮಾತನ್ನು ಬರೆಯುವ ಕೋಣೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದರು: ಹೊಳೆಯನ್ನು ಈಚೆ ದಡದಲ್ಲಿ ತಳ್ಳಿದರೆ ಅದು ಆಚೆ ದಡದ ಮೇಲೆ ಬೀಳುತ್ತದೆ. ಬಂದವರೆಲ್ಲ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಪುಟ್ಟಿ ಅದನ್ನು ದಿನಕ್ಕೆ ಎಷ್ಟು ಸಲ ಓದಿ ಹೇಳುತ್ತಿದ್ದಳೋ ಅವಳಿಗೇ ಲೆಕ್ಕವಿಲ್ಲ. ಬಸ್ಸಿನ ಕಂಡಕ್ಟರು ನಿಲ್ದಾಣದ ಹೆಸರು ಕೂಗುವಾಗ ಆ ಊರನ್ನು ನೆನೆಯುತ್ತಾನೆಯೇ? ಹಾಗೇ ಇದೂ.

ಲೇಖಕರು ತೀರಿಕೊಂಡ ಮೇಲೆ ಅಭಿಮಾನಿಗಳು ಸಮಿತಿ ಮಾಡಿಕೊಂಡು, ಮನೆಯನ್ನು ಅವರಿದ್ದಾಗ ಇದ್ದ ಹಾಗೇ ಉಳಿಸುವುದೆಂದು ತೀರ್ಮಾನಿಸಿದರು. ಹಾಗೇ ಎಂದರೆ ಹಾಗೇ. ಲೇಖಕರೋ, ಒಂದು ವಸ್ತುವನ್ನು ತೆಗೆದ ಜಾಗದಲ್ಲಿ ಇಟ್ಟವರಲ್ಲ. ಆದ್ದರಿಂದ ಅವರ ಗೊಂದಲವನ್ನು ಅಚ್ಚುಕಟ್ಟಾಗಿ ಕಾಪಾಡುವುದು ಮಗಳ ಕೆಲಸವಾಯಿತು. ಬೆಳಿಗ್ಗೆ ಎದ್ದು ಮೇಜಿನ ಮೇಲಿನ ಹಾಳೆಗಳ ಧೂಳು ಕೊಡವಿ, ಮತ್ತೆ ಗಾಳಿಗೆ ಚೆದುರಿದಂತೆ ಹರಡುತ್ತಿದ್ದಳು. ಅರ್ಧ ಕುಡಿದ ಚಹಾದ ಲೋಟವನ್ನು ತೊಳೆದು, ಹೊಸದಾಗಿ ಕರಿ ಚಹಾ ಕಾಯಿಸಿ ಅರ್ಧಕ್ಕೆ ತುಂಬುತ್ತಿದ್ದಳು. ಮಡಿಸಬಾರದ ಅಂಗಿಯನ್ನು ಮಡಿಸದೆ ಕುರ್ಚಿಯ ಬೆನ್ನಿಗೆ ಹಾಕುತ್ತಿದ್ದಳು. ಮನೆಯಲ್ಲಿ ಯಾರೂ ವಾಸ ಮಾಡಕೂಡದು ಎನ್ನುವುದು ಸಮಿತಿಯ ಕಟ್ಟುನಿಟ್ಟು. ಮಗಳೂ ಅದಕ್ಕೆ ಹೊರತಲ್ಲ. ಹಿತ್ತಲಿನ ಸೌದೆ ಕೊಟ್ಟಿಗೆಗೆ ಒಂದು ಕಿಟಕಿ ಇಡಿಸಿ, ಅದನ್ನು ಕೋಣೆ ಎಂದು ಕರೆದು ಅವಳಿಗೆ ಕೊಟ್ಟಿದ್ದರು.

ಪುಟ್ಟಿಗೆ ಅದರಲ್ಲಿ ಬೇಸರವಿರಲಿಲ್ಲ. ಅಪ್ಪ ಬದುಕಿದ್ದಾಗ ಅವಳು ಆ ಬರೆಯುವ ಕೋಣೆಯ ಹೊಸ್ತಿಲು ದಾಟಿದವಳಲ್ಲ. ಬಾಗಿಲಲ್ಲಿ ನಿಂತು ಊಟಕ್ಕೆ ಕರೆದರೆ, "ಶ್ಶ್, ಹಕ್ಕಿ ಹಾರಿಹೋಗುತ್ತೆ" ಎಂದು ಕೈಯಾಡಿಸುತ್ತಿದ್ದ ಮನುಷ್ಯ. ಈಗ ಅವನ ಪೆನ್ನು ಯಾವ ಕೋನದಲ್ಲಿ ಮಲಗಬೇಕೆಂದು ಅವಳನ್ನು ಕೇಳಬೇಕಿತ್ತು. ದೂರದೂರದಿಂದ ಬಂದ ವಿದ್ವಾಂಸರು ಅವಳ ಬಾಯಿಯನ್ನೇ ನೋಡುತ್ತಿದ್ದರು. ಐವತ್ತು ದಾಟಿದ, ಬೇರೆ ಯಾವ ಕಸುಬೂ ಬಾರದ, ಮದುವೆ ಆಗದ ಹೆಂಗಸಿಗೆ ಅಪ್ಪ ಸಿಕ್ಕಿದ್ದೇ ಅವನು ಸತ್ತ ಮೇಲೆ. ಆ ಮನೆ ಹೊಳೆಗೆ ಹೋದರೆ ಅವನು ಇನ್ನೊಂದು ಸಲ ಅವಳನ್ನು ಬಿಟ್ಟು ಹೊಳೆಯ ಹಿಂದೆ ಹೋದ ಹಾಗೆ.

ಹಾಸಿಗೆ ಹಿಡಿದಿದ್ದಾಗ ಅವನೇ ಹೇಳಿದ್ದ, "ನೋಡು, ಹೊಳೆ ಒಂದಿನ ಈ ಮನೆ ಕೇಳುತ್ತೆ. ಕೇಳಿದಾಗ ಕೊಟ್ಬಿಡು. ಅಡ್ಡ ನಿಲ್ಬೇಡ." ಹಾಗಾದರೆ ನನಗೇನು ಉಳಿಯಿತು ಎಂದು ಕೇಳಬೇಕೆಂದು ಅವಳ ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಆ ಮಾತನ್ನು ಸಮಿತಿಯವರಿಗೂ ಹೇಳಲಿಲ್ಲ.

ವಾರದೊಳಗೆ ಎಂಜಿನಿಯರು ಬಂದ. ಒಳ್ಳೆಯ ಹುಡುಗ, ನೇರ ಮಾತಿನವನು. ಮೂರು ಕಾಲಿನ ಯಂತ್ರವನ್ನು ಜಗಲಿಯ ಮೇಲೆ ನಿಲ್ಲಿಸಿ ಅತ್ತ ಇತ್ತ ನೋಡಿ, ಕೆಳಗಿಳಿದು ಮಣ್ಣನ್ನು ಬೆರಳಲ್ಲಿ ಉಜ್ಜಿ, ಕೊನೆಗೆ ಬರೆಯುವ ಕೋಣೆಗೆ ಬಂದು ಕೂತ.

"ಮೇಡಮ್, ಮುಚ್ಚುಮರೆ ಇಲ್ದೆ ಹೇಳ್ತೀನಿ. ಇನ್ನೊಂದು ಮಳೆಗಾಲ ಬಂದ್ರೆ ಈ ಮನೆ ಇರಲ್ಲ."

"ಏನಾದ್ರೂ ಮಾಡೋಕಾಗುತ್ತಾ?"

"ತಡೆಗೋಡೆ ಕಟ್ಬೇಕು. ತಂತಿ ಬಲೆ ಪೆಟ್ಟಿಗೆ ಮಾಡಿ, ಒಳಗೆ ಗುಂಡುಕಲ್ಲು ತುಂಬಿ, ಒಂದರ ಮೇಲೊಂದು ಪೇರಿಸ್ತೀವಿ. ನೀರು ಬಂದು ಹೊಡೆದ್ರೂ ಜಗ್ಗಲ್ಲ."

ಪುಟ್ಟಿ ತನಗೆ ಗೊತ್ತಿಲ್ಲದೆ ಗೋಡೆಯ ಮೇಲಿನ ಬರಹದ ಕಡೆ ನೋಡಿದಳು. ಅವನೂ ನೋಡಿದ. ನೋಡಿ, ಕತ್ತು ತುರಿಸಿಕೊಂಡ.

"ಅದು ನಿಜಾನಾ?" ಎಂದು ಅವಳು ಕೇಳಿದಳು. ಇಷ್ಟು ವರ್ಷದಲ್ಲಿ ಆ ಪ್ರಶ್ನೆ ಅವಳ ಬಾಯಿಂದ ಬಂದದ್ದು ಅದೇ ಮೊದಲು.

"ಅವರು ಬರೆದಿದ್ದು ಸುಳ್ಳಾಗುತ್ತಾ ಮೇಡಮ್? ನೀರು ಎಲ್ಲಿಗಾದ್ರೂ ಹೋಗ್ಲೇಬೇಕಲ್ಲ. ಆಚೆ ದಡಾನ ತಿನ್ನುತ್ತೆ. ಎಷ್ಟು ಅಂತ ಹೇಳೋಕಾಗಲ್ಲ." ಅವನು ಕಿಟಕಿಯಾಚೆ ಕೈ ತೋರಿಸಿದ. "ಅಲ್ಲೇನಿದೆ? ಬರೀ ದಿಬ್ಬ ಕಾಣುತ್ತಪ್ಪ. ಜನ ಇದ್ದಾರಾ?"

ದಿಬ್ಬದ ಮೇಲೆ ಹಿಪ್ಪುನೇರಳೆ ಮರವಿತ್ತು. ಅದರ ಹಿಂದೆ ದೊಡ್ಡಮ್ಮನ ಒಲೆಯ ಹೊಗೆ ಮೇಲೇಳುತ್ತಿತ್ತು. ದೊಡ್ಡಮ್ಮ ಎಂದರೆ ರಕ್ತಸಂಬಂಧವಲ್ಲ, ಆಚೆ ದಡದ ದೋಣಿಯವನ ಹೆಂಡತಿ. ಪುಟ್ಟಿ ಅಂಬೆಗಾಲಿಡುವಾಗಲೇ ತಾಯಿ ಹೋದಳು. ಅಪ್ಪನಿಗೆ ಮಿಂಚುಳ್ಳಿಯ ಮರಿ ಕಣ್ಣುಬಿಟ್ಟ ದಿನ ಗೊತ್ತಾಗುತ್ತಿತ್ತೇ ಹೊರತು ಮಗಳಿಗೆ ಹಲ್ಲು ಬಂದದ್ದಲ್ಲ. ಮಗುವನ್ನು ದೋಣಿಯಲ್ಲಿ ಆಚೆ ಕಳಿಸಿ ಕಾಡು ಹೊಕ್ಕರೆ ತಿಂಗಳಾದರೂ ತಿರುಗಿ ಬರುತ್ತಿರಲಿಲ್ಲ. ಅವಳ ತಲೆ ಬಾಚಿದ್ದು, ಜ್ವರ ಬಂದಾಗ ತೊಡೆಯ ಮೇಲೆ ಹಾಕಿಕೊಂಡು ಕೂತದ್ದು, ಹೊಳೆಯಲ್ಲಿ ಈಜು ಕಲಿಸಿದ್ದು ಎಲ್ಲ ದೊಡ್ಡಮ್ಮನೇ. ಅವಳ ಮಗ ಪುಟ್ಟಿಗೆ ಅಣ್ಣ. ದೋಣಿಯವನು ಸತ್ತ ಮೇಲೆ ಈಗ ಆ ಅಣ್ಣನೇ ದೋಣಿ ನಡೆಸುತ್ತಿದ್ದ. ಮನೆಯ ಜಗಲಿಯಿಂದ ಕಲ್ಲೆಸೆದರೆ ಹೊಳೆಗೆ ಬೀಳುವಷ್ಟು ದಡಕ್ಕೆ ಅಂಟಿಕೊಂಡಿತ್ತು ಅವರ ಮನೆ.

"ಒಂದು ಮನೆ ಇದೆ," ಎಂದಳು ಪುಟ್ಟಿ. "ದಡದಿಂದ ಸುಮಾರು ದೂರ."

"ಹಾಗಾದ್ರೆ ತೊಂದ್ರೆ ಇಲ್ಲ ಬಿಡಿ," ಎಂದು ಅವನು ಯಂತ್ರದ ಕಾಲು ಮಡಚಿದ.

ಸಮಿತಿಯ ಸಭೆ ನಡೆಯಿತು. ಅಧ್ಯಕ್ಷರು ನಿವೃತ್ತ ಮೇಷ್ಟ್ರು, ಲೇಖಕರ ಹೆಸರು ಹೇಳಿದರೆ ಕಣ್ಣಲ್ಲಿ ನೀರು ತುಂಬಿಕೊಳ್ಳುವವರು. "ಅವರಿದ್ದಿದ್ರೆ ಒಪ್ತಿರಲಿಲ್ಲ," ಎಂದು ಮೊದಲು ಕಣ್ಣೊರೆಸಿಕೊಂಡರು. ಆಮೇಲೆ, "ಆದ್ರೆ ಅವರಿಲ್ಲವಲ್ಲ. ಅವರ ನೆನಪನ್ನಾದ್ರೂ ಉಳಿಸ್ಕೋಬೇಡ್ವಾ?" ಎಂದರು. ಗೋಡೆ ಎನ್ನುವ ಮಾತು ಮಾತ್ರ ಬೇಡ, ಕೇಳುವವರಿಗೆ ಒಂಥರಾ ಆಗುತ್ತದೆ, ದಡದ ಆರೈಕೆ ಎಂದು ಕರೆಯೋಣ, ಮೇಲೆ ಬಳ್ಳಿ ಹಬ್ಬಿಸೋಣ ಎಂದರು. ಎಲ್ಲರೂ ತಲೆದೂಗಿದರು. ಕೊನೆಗೆ ಅವಳ ಕಡೆ ತಿರುಗಿ, "ಮಗಳ ಮಾತೇ ಕೊನೇ ಮಾತು. ನೀವು ಬೇಡ ಅಂದ್ರೆ ನಾವು ಇದರ ಸುದ್ದಿಗೇ ಹೋಗಲ್ಲ," ಎಂದರು.

ಅಷ್ಟೂ ಜನ ಅವಳನ್ನೇ ನೋಡುತ್ತಿದ್ದರು. ಬೇಡ ಎನ್ನಲು ಎರಡಕ್ಷರ ಸಾಕಿತ್ತು. ಪುಟ್ಟಿ ತನ್ನ ಸೌದೆ ಕೊಟ್ಟಿಗೆಯನ್ನು ನೆನೆದಳು, ದಿನವೂ ಹರಡುವ ಹಾಳೆಗಳನ್ನು ನೆನೆದಳು. ಆಚೆ ದಡವನ್ನು ನೆನೆಯದಿರಲು ಬಹಳ ಕಷ್ಟಪಟ್ಟಳು.

"ಕಟ್ಟಿಸಿ," ಎಂದಳು.

ನೀರಿಳಿದ ಮೇಲೆ ಕೆಲಸ ಶುರುವಾಯಿತು. ಈಚೆ ದಡವನ್ನು ಯಂತ್ರದಲ್ಲಿ ಕೆರೆದು ಇಳಿಜಾರು ಮಾಡಿದಾಗ ಮಣ್ಣಿನೊಳಗಿನ ಮಿಂಚುಳ್ಳಿಯ ಬಿಲಗಳೆಲ್ಲ ಹೋದವು. ಎರಡು ಹಕ್ಕಿಗಳು ಒಂದಷ್ಟು ದಿನ ಬಾಯಲ್ಲಿ ಮೀನು ಕಚ್ಚಿಕೊಂಡು ಬಂದು, ಗೂಡಿದ್ದ ಜಾಗದಲ್ಲಿ ಗಾಳಿಯಲ್ಲೇ ರೆಕ್ಕೆ ಬಡಿಯುತ್ತ ನಿಂತು, ವಾಪಸು ಹೋಗುತ್ತಿದ್ದವು. ನೋಡಲಾಗದೆ ಪುಟ್ಟಿ ಆ ಕಡೆಯ ಕಿಟಕಿ ಹಾಕಿದಳು. ಅಷ್ಟರಲ್ಲಿ ಕಲ್ಲಿನ ತೊಡಕು ಎದ್ದಿತು. ಮನೆಗೆ ಬರುವ ದಾರಿ ಸಣ್ಣದು, ಲಾರಿ ಒಳಗೆ ಬಾರದು. ಗುತ್ತಿಗೆದಾರ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ದೋಣಿಯ ಅಣ್ಣ ಬೀಡಿ ಎಸೆದು ಎದ್ದು ನಿಂತ.

"ಗುಂಡುಕಲ್ಲು ತಾನೇ ಬೇಕಾಗಿರೋದು? ನಮ್ಮನೆ ಮುಂದೆ ದಡದ ಕೆಳಗೆ ರಾಶಿ ಬಿದ್ದಿದೆಯಲ್ಲ. ದೋಣೀಲಿ ತಂದು ಹಾಕ್ತೀನಿ. ನಮ್ಮಪ್ಪ ಇವರಪ್ಪನಿಗೋಸ್ಕರ ಜೀವಮಾನವೆಲ್ಲ ಹುಟ್ಟು ಹಾಕಿದ. ನಾನು ಕಲ್ಲಾದ್ರೂ ಹೊರ್ತೀನಿ."

ಆ ಕಲ್ಲಿನ ರಾಶಿ ಅಣ್ಣನ ಮನೆಯ ದಡಕ್ಕೆ ಕಾವಲಿದ್ದ ಹಾಗೆ. ಮಳೆಗಾಲದ ನೀರು ಮೊದಲು ಅದಕ್ಕೆ ಹೊಡೆದು ಸುಸ್ತಾಗಿ ಆಮೇಲೆ ಮಣ್ಣಿಗೆ ತಾಕುತ್ತಿತ್ತು. ಅಪ್ಪನ ಪುಸ್ತಕದಲ್ಲಿ ಅದರ ಚಿತ್ರವೇ ಇದೆ. "ಬೇಡಣ್ಣ, ನಿನಗ್ಯಾಕೆ ಆ ಕಷ್ಟ," ಎಂದಳು. ಅದಕ್ಕಿಂತ ಹೆಚ್ಚು ಹೇಳಿದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು.

"ಕಷ್ಟ ಏನು ಬಂತು ಮೇಡಮ್?" ಎಂದು ಅವನು ಹಲ್ಲು ಬಿಟ್ಟ. ಜನರೆದುರು ಅವಳನ್ನು ಮೇಡಮ್ ಎಂದು ಕರೆಯುವುದು ಅವನ ತಮಾಷೆ. "ಗೋಡೆ ಆದ್ಮೇಲೆ ಟಿಕೆಟ್ ಇಲ್ದೆ ಒಳಗೆ ಬಿಡಿ, ಸಾಕು."

ಅಂದಿನಿಂದ ದೋಣಿ ಬೆಳಗಿನಿಂದ ಸಂಜೆಯವರೆಗೆ ಆಚೆಯಿಂದ ಈಚೆಗೆ ಕಲ್ಲು ಹೊತ್ತಿತು. ನೀರಿಗೆ ಮುಟ್ಟುವಷ್ಟು ಭಾರ ಹೇರಿಕೊಂಡು ಬಂದು, ಹಗುರಾಗಿ ತಿರುಗಿ ಹೋಗುತ್ತಿತ್ತು. ಅಣ್ಣನ ಅಂಗೈ ಒಡೆದು ಬಟ್ಟೆ ಕಟ್ಟಿಕೊಂಡ. ಪುಟ್ಟಿ ಬಂದವರಿಗೆ ಮನೆ ತೋರಿಸುತ್ತ, ಗೋಡೆಯ ಬರಹ ಬಂದಾಗ ಬೇಗ ಓದಿ ಮುಗಿಸುತ್ತಿದ್ದಳು. ಒಬ್ಬ ಮುದುಕ ಕೆಳಗಿನ ಕೆಲಸ ನೋಡಿ, "ಅಲ್ಲಮ್ಮ, ಇದು ಅವರು ಹೇಳಿದ್ದಕ್ಕೆ ಉಲ್ಟಾ ಆಯ್ತಲ್ಲ?" ಎಂದ. "ಇದು ಗೋಡೆ ಅಲ್ಲ, ದಡದ ಆರೈಕೆ," ಎಂದಳು ಅವಳು. ಮುದುಕ ಅವಳ ಮುಖವನ್ನೊಮ್ಮೆ ನೋಡಿ ಮುಂದೆ ಹೋದ.

ಮಳೆ ಶುರುವಾಗುವ ಮೊದಲು ಒಂದು ಮಧ್ಯಾಹ್ನ ಅವಳು ಮನಸ್ಸು ಗಟ್ಟಿ ಮಾಡಿಕೊಂಡು ಆಚೆ ಹೋದಳು. ಹೇಳಿಯೇ ಬಿಡಬೇಕೆಂದು ಹೊರಟಿದ್ದಳು. ದೊಡ್ಡಮ್ಮ ಒಲೆಯ ಮುಂದೆ ಕೂತು ಮೀನು ಹುರಿಯುತ್ತಿದ್ದಳು. ಕಣ್ಣು ಮಂಜಾಗಿದ್ದರೂ ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದಳು.

"ಬಾರೇ ಪುಟ್ಟಿ. ಆ ಮಹಾರಾಯ ನಿನ್ನಣ್ಣ ನಾನು ಬಟ್ಟೆ ಒಗೆಯೋ ಕಲ್ಲನ್ನೂ ಹೊತ್ಕೊಂಡು ಹೋಗಿ ನಿನ್ನ ಗೋಡೆಗೆ ಹಾಕಿದಾನೆ. ಈಗ ನಾನೇನು ನನ್ನ ಸೀರೇನ ಅವನ ಬೆನ್ನ ಮೇಲೆ ಒಗೀಲಾ?"

ಪುಟ್ಟಿ ನಕ್ಕಳು. "ದೊಡ್ಡಮ್ಮ, ಈ ಸಲ ಮಳೆಗಾಲಕ್ಕೆ ಪೇಟೆಗೆ ಹೋಗಿರು. ಮೊಮ್ಮಗಳ ಮನೇಲಿ."

"ಯಾಕೆ?"

"ಸುಮ್ನೆ. ಮಳೆ ಜೋರು ಅಂತಿದಾರೆ."

"ಅವಳ ಮನೆ ನಾಕನೇ ಮಾಳಿಗೇಲಿದೆ. ಹತ್ತೋ ಹೊತ್ತಿಗೆ ನನ್ನುಸಿರು ಮೊದಲನೇ ಮಾಳಿಗೇಲೇ ಉಳೀತದೆ." ದೊಡ್ಡಮ್ಮ ಮೀನಿನ ಮುಳ್ಳು ಬಿಡಿಸಿ ಅವಳ ತಟ್ಟೆಗೆ ಹಾಕಿದಳು, ಈಗಲೂ ಅವಳಿಗೆ ಮುಳ್ಳು ಬಿಡಿಸಲು ಬರುವುದಿಲ್ಲ ಎನ್ನುವಂತೆ. "ನನಗೇನಾಗುತ್ತೆ ಬಿಡು. ನಿನ್ನ ಚಿಂತೆನೇ ನನಗೆ ಹತ್ತಿತ್ತು. ಆ ಮನೆ ಹೋಗಿದ್ರೆ ನಿನಗೆ ಇನ್ನು ಯಾರಿದ್ರು? ಗೋಡೆ ಆಗ್ತಿದೆ ಅಂತ ಗೊತ್ತಾದ್ಮೇಲೆ ಕಣ್ಣಿಗೆ ನಿದ್ದೆ ಹತ್ತಿದೆ ನೋಡು."

ಪುಟ್ಟಿ ತಟ್ಟೆಯ ಕಡೆ ನೋಡುತ್ತ ಕೂತಳು. ನನ್ನ ಮನೆಗೆ ಬಂದಿರು ಎನ್ನಲು ಅವಳಿಗೆ ಮನೆಯಿರಲಿಲ್ಲ. ನಿನ್ನ ಮನೆ ಬೀಳುತ್ತದೆ ಎಂದರೆ, ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತದೆ. ಈ ವರ್ಷವೇ ಬೀಳಬೇಕೆಂದೇನೂ ಇಲ್ಲ, ಮಳೆ ಕಮ್ಮಿಯಾಗಲೂಬಹುದು ಎಂದು ತನಗೆ ತಾನೇ ಹೇಳಿಕೊಂಡು ಮೀನು ತಿಂದಳು. ಕೈತೊಳೆದು, ದೊಡ್ಡಮ್ಮನ ಸೀರೆಗಳನ್ನು ತಾನೇ ತೆಗೆದುಕೊಂಡು ಹೋಗಿ ಒಗೆದು ಕೊಟ್ಟು ಬಂದಳು. ಅಂಥ ಹೇಡಿತನ ತನ್ನಲ್ಲಿದೆ ಎಂದು ಅವಳಿಗೆ ಅಂದು ತಿಳಿಯಿತು.

ಮಳೆ ಕಮ್ಮಿಯಾಗಲಿಲ್ಲ. ಬಿಡದೆ ಹುಯ್ದ ಮೇಲೆ ಒಂದು ಮಧ್ಯಾಹ್ನ ಹೊಳೆ ಮರ, ಮಣ್ಣು, ಸತ್ತ ದನ ಎಲ್ಲವನ್ನೂ ಹೊತ್ತುಕೊಂಡು ಬಂತು. ಪುಟ್ಟಿ ಜಗಲಿಯ ಕಂಬ ಹಿಡಿದು ನಿಂತಿದ್ದಳು. ನೀರು ತಿರುವಿನಲ್ಲಿ ನುಗ್ಗಿ ಬಂದು ತಡೆಗೋಡೆಗೆ ಹೊಡೆಯಿತು. ಗೋಡೆ ಜಗ್ಗಲಿಲ್ಲ, ಎಂಜಿನಿಯರು ಹೇಳಿದ ಹಾಗೇ. ಹೊಡೆದ ನೀರು ಮೊಣಕೈಯಲ್ಲಿ ನೂಕಿಸಿಕೊಂಡವರಂತೆ ಮುಗ್ಗರಿಸಿ, ಹೊರಳಿ, ಓರೆಯಾಗಿ ಆಚೆ ದಡಕ್ಕೆ ಹೋಗಿ ಬಿದ್ದಿತು. ಅಲ್ಲಿ ಕಲ್ಲಿನ ರಾಶಿ ಇರಲಿಲ್ಲ. ಮಣ್ಣಿನ ದೊಡ್ಡ ಹೆಂಟೆಗಳು ಕತ್ತರಿಸಿಕೊಂಡು ಬೀಳುವುದು ಇಲ್ಲಿಂದ ಕಾಣುತ್ತಿತ್ತು. ಸದ್ದು ಸ್ವಲ್ಪ ತಡವಾಗಿ ಬರುತ್ತಿತ್ತು.

"ಅಣ್ಣಾ!" ಎಂದು ಅವಳು ಕೂಗಿದಳು. "ದೊಡ್ಡಮ್ಮನ್ನ ಕರ್ಕೊಂಡು ಬಾರೋ! ಬಿಟ್ಟು ಬಾರೋ ಎಲ್ಲಾನೂ!" ಹೊಳೆಯ ಆರ್ಭಟದಲ್ಲಿ ಆ ಕೂಗು ಅವಳ ಕಿವಿಗೇ ಬೀಳಲಿಲ್ಲ.

ಹಿಪ್ಪುನೇರಳೆ ಮರ ಮೊದಲು ಓಲಿತು, ಆಮೇಲೆ ನಿಂತ ಹಾಗೇ ಕೆಳಗಿಳಿದು ನೀರಿಗೆ ಹೋಯಿತು. ಮರ ಹೋದ ಮೇಲೆ ಮನೆ ಪೂರ್ತಿ ಕಂಡಿತು. ಅಣ್ಣ ತಾಯಿಯನ್ನು ಹೆಗಲ ಮೇಲೆ ಹಾಕಿಕೊಂಡು ಪಕ್ಕದ ಇಳಿಜಾರಿನಲ್ಲಿ ಓಡುತ್ತಿದ್ದ. ಅವನು ದೋಣಿ ಬಿಚ್ಚಿ, ಹುಟ್ಟು ಹಾಕಿ, ಪ್ರವಾಹಕ್ಕೆ ಅಡ್ಡಡ್ಡ ಕೊಚ್ಚಿಕೊಂಡು ಅರ್ಧ ದಾರಿಗೆ ಬರುವಷ್ಟರಲ್ಲಿ ಮನೆಯ ಮುಂದಿನ ಗೋಡೆ ಹೊಳೆಗೆ ಬಿತ್ತು. ಮಾಡು ಒಂದು ಗಳಿಗೆ ಹಾಗೇ ನಿಂತಿದ್ದು, ಒಲೆ ಇದ್ದ ಮೂಲೆಯ ಸಮೇತ ಕೂತುಬಿಟ್ಟಿತು. ದೊಡ್ಡಮ್ಮನ ಬೆನ್ನು ಆ ಕಡೆಗಿತ್ತು. ಅಷ್ಟಾದರೂ ಒಳ್ಳೆಯದಾಯಿತು.

ಈಚೆ ಬಂದರೆ ದೋಣಿ ಹಚ್ಚಲು ಜಾಗವಿಲ್ಲ. ಮೆಟ್ಟಿಲು ಹೋಗಿ ವರ್ಷವಾಗಿತ್ತು, ದಡವಿದ್ದಲ್ಲೆಲ್ಲ ನೆಟ್ಟನೆಯ ತಡೆಗೋಡೆ. ಅಣ್ಣ ತಂತಿ ಬಲೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ತಾಯಿಯನ್ನು ಮೇಲೆತ್ತಿದ. ಪುಟ್ಟಿ ಮೇಲೆ ಬೋರಲಾಗಿ ಮಲಗಿ ಅವಳ ರಟ್ಟೆ ಹಿಡಿದು ಎಳೆದಳು. ಮುದುಕಿ ತನ್ನ ಮನೆಯ ಮುಂದಿನ ಕಲ್ಲುಗಳ ಮೇಲೆ ಬರಿಗಾಲಿಟ್ಟು ಹತ್ತಿದಳು. ತಂತಿ ಗೀರಿ ಕಣಕಾಲಿನಿಂದ ರಕ್ತ ಬಂತು. ಮೂವರೂ ಜಗಲಿಯ ಮೇಲೆ ಕೂತಾಗ ದೋಣಿ ಕೈತಪ್ಪಿ ಹೋಗಿಯಾಗಿತ್ತು.

ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ಮೊಣಕಾಲವರೆಗೆ ನೀರು ನಿಂತಿತ್ತು. ಪುಟ್ಟಿ ಇದ್ದ ಒಂದೇ ಒಣ ಜಾಗದ, ಲೇಖಕರ ಮನೆಯ, ಬೀಗ ತೆಗೆದಳು. ನೋಡಲು ಬಂದವರು ಮುಟ್ಟದಿರಲೆಂದು ಮಂಚದ ಸುತ್ತ ಕಟ್ಟಿದ್ದ ಹಗ್ಗವನ್ನು ಬಿಚ್ಚಿ, ದೊಡ್ಡಮ್ಮನ ಒದ್ದೆ ಸೀರೆ ಬದಲಿಸಿ, ಲೇಖಕರ ಮಂಚದ ಮೇಲೆ ಮಲಗಿಸಿ, ಲೇಖಕರ ಕಂಬಳಿ ಹೊದಿಸಿದಳು. ಮುದುಕಿ ನಡುಗುತ್ತ ನಡುಗುತ್ತ ನಿದ್ದೆ ಹೋದಳು. ಅಣ್ಣ ಹೊಸ್ತಿಲಾಚೆ ಗೋಡೆಗೆ ಒರಗಿ ಕೂತಿದ್ದ. ಅವಳ ಕಡೆ ನೋಡದೆ ಕೇಳಿದ.

"ನಿನಗೆ ಗೊತ್ತಿತ್ತಾ ಪುಟ್ಟಿ?"

ಅವಳು ಸುಳ್ಳು ಹೇಳಬಹುದಿತ್ತು. ಅವನು ನಂಬುತ್ತಿದ್ದ, ಅವಳು ಏನು ಹೇಳಿದರೂ ನಂಬಿಕೊಂಡು ಬಂದವನು.

"ಗೊತ್ತಿತ್ತಣ್ಣ."

"ನಾನು ಕಲ್ಲು ತುಂಬುವಾಗ್ಲೂ?"

"ಹೂಂ."

ಅವನು ಒಡೆದ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಬೈದಿದ್ದರೆ, ಎದ್ದು ಬಂದು ಎರಡು ಬಿಟ್ಟಿದ್ದರೆ ಅವಳಿಗೆ ಉಸಿರಾಡಲು ದಾರಿಯಾಗುತ್ತಿತ್ತು. "ನೀನು ದಿನಾ ಜನಕ್ಕೆ ಓದಿ ಹೇಳೋದನ್ನ ನಾನೂ ಇಲ್ಲೇ ನಿಂತು ಕೇಳಿದೀನಿ," ಎಂದ. "ಕೇಳಿ ಕೇಳಿ ಕಿವಿಗೆ ಹೋಗ್ತಾನೇ ಇರಲಿಲ್ಲ. ಆಚೆ ದಡ ಅಂದ್ರೆ ನಾವು ಅಂತ ಅನ್ನಿಸಲೇ ಇಲ್ಲ ನೋಡು." ಇಷ್ಟು ಹೇಳಿ ಮೊಣಕಾಲ ಮೇಲೆ ತಲೆಯಿಟ್ಟುಕೊಂಡ. ಅವನು ಮತ್ತೆ ಅವಳನ್ನು ಪುಟ್ಟಿ ಎಂದು ಕರೆಯಲಿಲ್ಲ. ತಮಾಷೆಗೂ ಮೇಡಮ್ ಎನ್ನಲಿಲ್ಲ.

ಮರುದಿನವೂ ಅದರ ಮರುದಿನವೂ ದೊಡ್ಡಮ್ಮ ಆ ಮಂಚದ ಮೇಲೇ ಇದ್ದಳು. ಬಂದ ಜ್ವರ ಬಿಟ್ಟಿತು. ನೀರು ಇಳಿಯಿತು, ದಾರಿ ತೆರೆಯಿತು. ಅಧ್ಯಕ್ಷರ ಫೋನು ಬಂತು. ಅವರ ಧ್ವನಿ ದೊಡ್ಡದು, ಕೋಣೆಯಲ್ಲಿದ್ದವರಿಗೆಲ್ಲ ಕೇಳುವಂಥದು.

"ಮನೆಗೇನೂ ಆಗಿಲ್ಲ ತಾನೇ?"

"ಇಲ್ಲ."

"ಗೋಡೆ?"

"ನಿಂತಿದೆ."

"ಅಬ್ಬ! ಎಲ್ಲ ಲೇಖಕರ ಪುಣ್ಯ. ನಾಳೆ ಬೆಳಿಗ್ಗೆ ಶಾಲೆಗಳಿಂದ ಜನ ಬರ್ತಿದಾರೆ, ತೆರೆದಿಡಿ." ಪುಟ್ಟಿ ದೊಡ್ಡಮ್ಮನ ವಿಷಯ ಹೇಳಿದಳು. "ಅಯ್ಯೋ ಪಾಪ. ಛೆ. ಏನಾದ್ರೂ ಮಾಡೋಣ, ಖಂಡಿತ ಮಾಡೋಣ. ಆದ್ರೆ ಮನೆಯೊಳಗೆ ಬೇಡಮ್ಮ. ಇವತ್ತು ಒಬ್ಬರನ್ನ ಬಿಟ್ರೆ ನಾಳೆ ಇನ್ನೊಬ್ಬರು. ಅವರ ಮಂಚ ಅದು, ನಿಮಗೆ ಗೊತ್ತಿಲ್ದೆ ಇದ್ದದ್ದಾ? ಪೇಟೆ ಶಾಲೇಲಿ ಬಿದ್ದೋದ ಮನೆಯವರಿಗೆಲ್ಲ ಜಾಗ ಮಾಡಿದಾರಂತೆ."

ಪುಟ್ಟಿ ಬಾಯಿ ತೆರೆದಳು. ಇಲ್ಲ, ಅವಳು ಇಲ್ಲೇ ಇರುತ್ತಾಳೆ, ನಿಮ್ಮ ಮನೆ ನೀವೇ ಇಟ್ಟುಕೊಳ್ಳಿ ಎನ್ನಬೇಕಿತ್ತು. ಅನ್ನಲು ಈಗ ಯಾವ ಅಡ್ಡಿಯೂ ಇರಲಿಲ್ಲ, ಕಳೆದುಕೊಳ್ಳಲು ಉಳಿದದ್ದಾದರೂ ಏನು? "ಆಯ್ತು," ಎಂಬ ಮಾತು ಅವಳ ಬಾಯಿಂದ ಬಂತು. ಫೋನಿಟ್ಟ ಮೇಲೂ ಅದು ತನ್ನದೇ ಧ್ವನಿ ಎಂದು ನಂಬಲು ಅವಳಿಗೆ ಆಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಬಿಸಿನೀರು ತೆಗೆದುಕೊಂಡು ಬರುವಷ್ಟರಲ್ಲಿ ದೊಡ್ಡಮ್ಮ ಎದ್ದು, ಒಣಗಿದ ತನ್ನ ಸೀರೆ ಉಟ್ಟುಕೊಂಡು ನಿಂತಿದ್ದಳು. ಕಂಬಳಿಯನ್ನು ಹೇಗಿತ್ತೋ ಹಾಗೆ ಮಡಿಸಿ ಕಾಲಿನ ಬದಿಗೆ ಇಟ್ಟಾಗಿತ್ತು. ಮಂಜುಗಣ್ಣಿಗೆ ಕಾಣದ ಸುಕ್ಕುಗಳನ್ನು ಅಂಗೈಯಲ್ಲಿ ತಡವಿ ಹುಡುಕಿ, ಒಂದೊಂದನ್ನೂ ಎಳೆದು ಸರಿಮಾಡುತ್ತಿದ್ದಳು.

"ನೋಡೇ, ಯಾರೂ ಮಲಗಿಲ್ಲ ಅನ್ನೋ ಹಾಗೆ ಮಾಡಿದೀನಿ," ಎಂದಳು. "ನಿಮ್ಮಪ್ಪ ಬಂದ್ರೂ ಕಂಡುಹಿಡಿಯಲ್ಲ."

"ದೊಡ್ಡಮ್ಮ, ನಾನು..."

"ಗೊತ್ತು ಬಿಡು. ನಿನ್ನಣ್ಣ ಹೇಳಿದ." ಅವಳು ಕೈಚಾಚಿ ಪುಟ್ಟಿಯ ತಲೆ ಹುಡುಕಿ, ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. "ತಲೆ ಬಾಚ್ಕೊ. ಜನ ಬರೋ ಹೊತ್ತಾಯ್ತು."

ಅಣ್ಣ ತಾಯಿಯ ಕೈ ಹಿಡಿದು ನಡೆಸಿಕೊಂಡು ಹೋದ. ಪುಟ್ಟಿ ಗೇಟಿನವರೆಗೆ ಹೋದಳು. ಇಬ್ಬರೂ ಕೆಸರಿನಲ್ಲಿ ಕಾಲು ನೋಡಿ ನೋಡಿ ಇಡುತ್ತ ತಿರುವಿನಲ್ಲಿ ಮರೆಯಾದರು. ತಿರುಗಿ ನೋಡಲಿಲ್ಲ.

ಕೋಣೆಗೆ ಬಂದು ಅವಳು ಹಗ್ಗ ಕಟ್ಟಿದಳು. ಕಟ್ಟುವಾಗ ಕಣ್ಣಿಗೆ ಬಿತ್ತು. ದಿಂಬಿನ ನಡುವೆ ದೊಡ್ಡಮ್ಮನ ತಲೆಯ ಎಣ್ಣೆಯ ಕಲೆ ದುಂಡಗೆ ಮೂಡಿತ್ತು, ಅದರ ಮೇಲೊಂದು ಉದ್ದನೆಯ ಬಿಳಿಕೂದಲು. ಬೇರೆ ದಿಂಬಿನ ಚೀಲವಿರಲಿಲ್ಲ, ಇದೇ ಲೇಖಕರದು. ಹೊರಗೆ ಬಸ್ಸು ನಿಂತಿತು, ಮಕ್ಕಳ ಗದ್ದಲ ಕೇಳಿಸಿತು. ಪುಟ್ಟಿ ಆ ಕೂದಲನ್ನು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ ದಿಂಬನ್ನು ಮಗುಚಿ, ಕಲೆ ಕೆಳಗೆ ಬರುವಂತೆ ಇಟ್ಟಳು. ಬಾಗಿಲಲ್ಲಿ ಜನ ಕೊಡೆ ಮಡಚುತ್ತಿದ್ದರು.